ಓಟಿಲಿಯಾಳ ನೊರೆ

ಏಪ್ರಿಲ್ 14, ಭಾನುವಾರ

ಔಷಧಿ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಮೇಲೂ ರಕ್ತದೊತ್ತಡ ಬರೆಯಲು ಒಂದು ಚೌಕವಿದೆ. ದಿನಾ ನೋಡಿ ಬರೆಯಿರಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಒತ್ತಡ ನೋಡುವ ಯಂತ್ರ ಇರುವುದು ಮಲಗುವ ಕೋಣೆಯ ಕಪಾಟಿನಲ್ಲಿ. ಆ ಕೋಣೆಗೆ ನಾನೀಗ ಹೋಗುವುದಿಲ್ಲ. ಅಡುಗೆಮನೆಯ ಬೆಂಚಿನ ಮೇಲೆ ಒಲೆಯ ಪಕ್ಕ ಮಲಗುತ್ತೇನೆ. ಹಾಗಾಗಿ ಚೌಕ ಖಾಲಿ. ಉಳಿದ ಜಾಗವನ್ನು ದಂಡ ಮಾಡುವುದೇಕೆಂದು ಬರೆಯಲು ಕುಳಿತಿದ್ದೇನೆ.

ಮೊದಲ ಪುಟದಲ್ಲಿ ಹೆಸರು ಕೇಳಿದ್ದಾರೆ: ಏವಾರಿಸ್ತೊ ಸಾಗ್ರೆದೊ. ಉದ್ಯೋಗ: ಸೋಡಾದವನು, ನಿವೃತ್ತ. ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಕೈ ತಾನಾಗಿಯೇ ಹೆಂಡತಿಯ ಹೆಸರು, ಓಟಿಲಿಯಾ ಎಂದು ಬರೆಯಿತು. ಅದನ್ನು ಹೊಡೆದುಹಾಕಿ ಮಿರ್ತಾ ಎಂದು ಬರೆದೆ. ಮಿರ್ತಾ ಮಗಳು. ಹೊಡೆದುಹಾಕಿದ ಗೆರೆ ಸ್ವಲ್ಪ ಸೊಟ್ಟಗಾಯಿತು, ಹೆಸರು ಇನ್ನೂ ಓದಲು ಬರುತ್ತದೆ.

ಇನ್ನೇನು ಬರೆಯಲಿ? ಬೆಟ್ಟದ ತುದಿಗೆ ಹಿಮ ಬಿದ್ದಿದೆ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಇನ್ನು ಚಳಿಗಾಲ. ಸೂಪು ಉಪ್ಪಾಯಿತು.

ಏಪ್ರಿಲ್ 28, ಭಾನುವಾರ

ಮಿರ್ತಾ ಫೋನು ಮಾಡಿದ್ದಳು. ಅವಳಿರುವುದು ಎಲ್ ಓಯೊದಲ್ಲಿ, ಬಸ್ಸಿನಲ್ಲಿ ಕೂತು ಒಂದು ಕಣ್ಣು ಮುಚ್ಚುವಷ್ಟರಲ್ಲಿ ಬರುವ ಊರು. ಆದರೂ ನಾನು ಹೋಗುವುದಿಲ್ಲ, ಅವಳು ಬಂದರೆ ಬೇಗ ಕಳಿಸಿಬಿಡುತ್ತೇನೆ.

"ಅಪ್ಪ, ಐಲಿನ್ ಹದಿನೈದನೇ ಹುಟ್ಟುಹಬ್ಬದ ಪಾರ್ಟಿ ಬೇಡ ಅಂತಿದಾಳೆ. ಜುಲೈ ಕೊನೇ ಶನಿವಾರಕ್ಕೆ ಅಗ್ನಿಶಾಮಕದವರ ಹಾಲ್ ಆಗಲೇ ಗೊತ್ತು ಮಾಡಿದೀವಿ. ನೀವಾದ್ರೂ ಹೇಳಿ."

"ನಾನೇನು ಹೇಳ್ಲಿ?"

"ಹದಿನೈದು ಮೇಣದಬತ್ತಿ, ಒಂದೊಂದನ್ನೂ ಬೇಕಾದವರ ಕೈಗೆ ಕೊಟ್ಟು ಎರಡೆರಡು ಮಾತಾಡ್ಬೇಕಲ್ಲ, ಅಜ್ಜಿದನ್ನ ಯಾರ ಕೈಗೆ ಕೊಡ್ಲಿ ಅಂತ ಅಳ್ತಾಳೆ."

ಆಮೇಲೆ ಹುಡುಗಿಯೇ ಫೋನು ಕಸಿದುಕೊಂಡಳು. "ತಾತ, ಅಜ್ಜಿ ಹಾಕಿಟ್ಟಿದ್ದ ಬಿಯರ್ ಏನಾಯ್ತು?"

"ಶೆಡ್ಡಲ್ಲಿದೆ."

"ಚೆಲ್ಲಿಲ್ಲ ತಾನೆ?"

"ಚೆಲ್ಲೋದಾ? ಮುಟ್ಟೇ ಇಲ್ಲ."

"ಹಾಗಾದ್ರೆ ನಂಗೆ ಮೀಸೆ ಬರುತ್ತಾ?"

ಮೀಸೆಯ ವಿಷಯ ನಮ್ಮ ಮನೆಯದು. ಐಲಿನ್ ಮೊಣಕಾಲುದ್ದ ಇದ್ದಾಗಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಓಟಿಲಿಯಾ ತಾನು ಮನೆಯಲ್ಲಿ ಮಾಡಿದ ಬಿಯರಿನ ನೊರೆಯನ್ನು ಬೆರಳಲ್ಲಿ ತೆಗೆದು ಮಗುವಿನ ಮೇಲ್ದುಟಿಗೆ ಮೀಸೆ ಬರೆಯುತ್ತಿದ್ದಳು. ಹದಿನೈದು ತುಂಬಿದ ದಿನ ನೀನೇ ಲೋಟಕ್ಕೆ ಬಾಯಿಟ್ಟು ನಿನ್ನ ಮೀಸೆ ನೀನೇ ಬರೆದುಕೋ ಎಂದಿದ್ದಳು. ಈ ಮಾರ್ಚಿನಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕೊಯ್ಲು ಮುಗಿಯುವ ಹೊತ್ತಿಗೆ, ಆ ದಿನಕ್ಕೆಂದೇ ಹೊಸ ಹೂವಿನ ಬಿಯರ್ ಹಾಕಿ ಬಕೆಟ್ಟಿನ ಬಾಯಿ ಮುಚ್ಚಿದಳು. ಅದೇ ವಾರ ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ಕುಸಿದಳು, ಮತ್ತೆ ಏಳಲಿಲ್ಲ. ಬಾಟಲಿಗೆ ತುಂಬುವುದು ಉಳಿದುಹೋಯಿತು.

"ಬರುತ್ತೆ," ಎಂದುಬಿಟ್ಟೆ.

"ಮಾತು ಕೊಟ್ರಾ?"

"ಕೊಟ್ಟೆ."

"ಹಾಗಾದ್ರೆ ಪಾರ್ಟಿ ಆಗ್ಲಿ. ಇಲ್ಲಾಂದ್ರೆ ಬೇಡ."

ಮೊಮ್ಮಗಳಲ್ಲವೆ, ಅಜ್ಜಿಯ ಹಾಗೆಯೇ ವ್ಯಾಪಾರ ಮಾಡುತ್ತಾಳೆ.

ಮೇ 12, ಭಾನುವಾರ

ಶೆಡ್ಡಿನ ಬೀಗ ತೆಗೆದೆ. ಬಕೆಟ್ಟಿನ ಮುಚ್ಚಳ ಎತ್ತಿದಾಗ ಬಂದ ವಾಸನೆಗೆ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಲ್ಲಬೇಕಾಯಿತು. ನಿಂತು ಬಂದೆ. ಒಂದು ಚಮಚ ರುಚಿ ನೋಡಿದೆ. ಬಿಯರೇನೋ ಆಗಿದೆ, ಕಹಿ ಇದೆ, ಆ ಕಿತ್ತಳೆ ಸಿಪ್ಪೆಯಂಥ ಪರಿಮಳ ಇದೆ. ಆದರೆ ಸಪ್ಪೆ ಚಪ್ಪಟೆ. ಗ್ಯಾಸಿಲ್ಲ. ಗ್ಯಾಸಿಲ್ಲದಿದ್ದರೆ ನೊರೆಯಿಲ್ಲ, ನೊರೆಯಿಲ್ಲದಿದ್ದರೆ ಮೀಸೆಯಿಲ್ಲ.

ಇದರಲ್ಲಿ ಹೆದರುವಂಥದ್ದು ಏನಿದೆ? ಈ ಕಣಿವೆಯಲ್ಲಿ ನಲವತ್ತು ವರ್ಷ ಮನೆಮನೆಗೆ ಸೋಡಾ ಹಾಕಿದವನು ನಾನು. ನಮ್ಮೂರಾದ ಎಲ್ ಬೊಲ್ಸೊನ್‌ನಲ್ಲಿ ನನ್ನ ಗುಳ್ಳೆ ಮೂಗಿಗೆ ಏರದವರು ಯಾರಿದ್ದಾರೆ? ಓಟಿಲಿಯಾ ಬಾಟಲಿಗೊಂದು ಚಮಚ ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ವಾರಗಟ್ಟಲೆ ಕಾಯುತ್ತ ಕೂರುತ್ತಿದ್ದಳು. ಕೊಡು ಇಲ್ಲಿ, ಒಂದು ಮಧ್ಯಾಹ್ನದಲ್ಲಿ ಗ್ಯಾಸ್ ಹೊಡೆದುಕೊಡುತ್ತೇನೆ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. "ನಿಂದು ಹೊರಗಿಂದ ಹೊಡೆದ ಗ್ಯಾಸು, ನಂದು ಒಳಗಿಂದ ಹುಟ್ಟಿದ್ದು," ಅನ್ನುತ್ತಿದ್ದಳು. "ಗುಳ್ಳೆಗೇನು ಗೊತ್ತು ತಾನು ಎಲ್ಲಿ ಹುಟ್ಟಿದೀನಿ ಅಂತ," ಅನ್ನುತ್ತಿದ್ದೆ. ಮದುವೆಯಾದ ವರ್ಷ ಶುರುವಾದ ಜಗಳ, ತೀರ್ಮಾನವಾಗದೆ ಉಳಿಯಿತು.

ಐಲಿನ್ ಕಂಪ್ಯೂಟರಿನಿಂದ ಯಾವುದೋ ಇಂಗ್ಲಿಷ್ ಹಾಳೆಗಳನ್ನು ತೆಗೆದು ಬಸ್ಸಿನವನ ಕೈಯಲ್ಲಿ ಕಳಿಸಿದ್ದಾಳೆ. ಮನೆಯ ಬಿಯರಿಗೆ ಗ್ಯಾಸ್ ತುಂಬುವ ವಿಧಾನಗಳು. ತಾತನಿಗೆ ಇಂಗ್ಲಿಷ್ ಬರುತ್ತದೆಂದು ಅವಳ ನಂಬಿಕೆ. ಬಾಹಿಯಾ ಬ್ಲಾಂಕಾದ ಶಿಕ್ಷಕರ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದು ನಿಜ. ಆಮೇಲೆ ಅಪ್ಪನ ಬೆನ್ನು ಸೋತಿತು, ಸೋಡಾ ಗಾಡಿ ನನ್ನ ಕೈಗೆ ಬಂತು. ಕಾಲೇಜಿನಿಂದ ಪೂರ್ತಿಯಾಗಿ ಉಳಿದಿರುವ ವಾಕ್ಯ ಒಂದೇ: ದಿ ವೆದರ್ ಈಸ್ ಫೈನ್ ಟುಡೇ. ಅಂತ್ಯಕ್ರಿಯೆಯ ದಿನ ಪಕ್ಕದ ತಂಗುಮನೆಯ ಇಂಗ್ಲೆಂಡಿನ ಹುಡುಗ ಕೈಹಿಡಿದು ಏನೋ ಹೇಳಿದಾಗಲೂ ನನ್ನ ಬಾಯಿಂದ ಬಂದದ್ದು ಅದೇ. ಪಾಪ, ಅವನು ಆಕಾಶ ನೋಡಿದ.

ಹಾಳೆಯಲ್ಲಿ ಮೊದಲ ವಿಧಾನಕ್ಕೆ ಫೋರ್ಸ್ ಎಂದಿದೆ. ಅರ್ಥವಾಯಿತು. ಅದು ನನ್ನ ವಿಧಾನ. ಮುಂದಕ್ಕೆ ಓದಲಿಲ್ಲ.

ಮೇ 19, ಭಾನುವಾರ

ಸೋಡಾ ಕಾರ್ಖಾನೆ ಮಾರಿದಾಗ ಇಟ್ಟುಕೊಂಡಿದ್ದ ದಪ್ಪ ನೀಲಿ ಗಾಜಿನ ಸೈಫನ್‌ಗಳಿವೆ, ಹಿಡಿಕೆ ಒತ್ತಿದರೆ ಮೂತಿಯಿಂದ ಸೋಡಾ ಚಿಮ್ಮುವಂಥವು. ಒಂದು ಸಣ್ಣ ಗ್ಯಾಸ್ ಸಿಲಿಂಡರೂ ಇದೆ. ಬಿಯರನ್ನು ಸೈಫನ್ನಿಗೆ ತುಂಬಿ, ಗ್ಯಾಸ್ ಕೊಟ್ಟು, ಹಳೆಯ ಅಭ್ಯಾಸದಂತೆ ಎದೆಗವಚಿಕೊಂಡು ಚೆನ್ನಾಗಿ ಕುಲುಕಿದೆ. ಆಹಾ, ತೋಳಿಗೆ ಇನ್ನೂ ನೆನಪಿದೆ. ಮೇಜಿನ ಮೇಲಿಟ್ಟು ಹಿಡಿಕೆ ಒತ್ತಿದೆ.

ಲೋಟ ಹಾರಿತು. ಬಂದದ್ದು ಬಿಯರಲ್ಲ, ಬರೀ ನೊರೆ, ಅದೂ ನಿಲ್ಲದ ನೊರೆ. ಹಿಡಿಕೆ ಬಿಟ್ಟರೂ ನಿಲ್ಲಲಿಲ್ಲ, ಅದರ ಬಾಯಿ ಸಿಕ್ಕಿಕೊಂಡಿತೋ ಏನೋ. ಹೆದರಿ ಮೂತಿಯನ್ನು ಮೇಲಕ್ಕೆ ತಿರುಗಿಸಿದೆ. ಚಾವಣಿ, ದೀಪ, ಓಟಿಲಿಯಾಳ ಬೆಳ್ಳುಳ್ಳಿ ಗೊಂಚಲು, ನನ್ನ ಕನ್ನಡಕ, ಎಲ್ಲಕ್ಕೂ ಆಯಿತು.

ಸದ್ದಿಗೆ ಬೇಲಿಯಾಚೆಯ ದೆಲ್ಮಾ ಕಾಯುಪಾನ್ ಬಂದು ಬಾಗಿಲಲ್ಲಿ ನಿಂತಳು. ಹಾಪ್ಸ್ ಹೂವು ಒಣಗಿಸುವ ಗೂಡಿನಲ್ಲಿ ಕೆಲಸ ಅವಳಿಗೆ. ಓಟಿಲಿಯಾ ಮತ್ತು ಅವಳು ಲಂಗ ತೊಡುವ ವಯಸ್ಸಿನಿಂದ ಒಟ್ಟಿಗೆ ಹೂ ಕೊಯ್ದವರು, ಬಿಯರಿನ ಹಂಡೆಯನ್ನೂ ಒಟ್ಟಿಗೇ ಕಲಕಿದವರು.

"ಮಳೆ ಒಳಗೇ ಬರ್ತಿದೆಯಾ, ದೋನ್ ಏವಾರಿಸ್ತೊ?"

"ಸ್ವಲ್ಪ ಗ್ಯಾಸ್ ಜಾಸ್ತಿಯಾಯ್ತು."

"ಕುಲುಕಿದ್ರಾ?"

"ಕುಲುಕದೆ ಗ್ಯಾಸ್ ಹಿಡಿಯುತ್ತಾ?"

"ನೀರು ಕುಲುಕಿಸ್ಕೊಳ್ಳುತ್ತೆ. ಬಿಯರ್ ಕುಲುಕಿದ್ರೆ ಕೋಪ ಮಾಡ್ಕೊಳ್ಳುತ್ತೆ. ಓಟಿಲಿಯಾ ಮೇಲಿಂದ ನೋಡಿದ್ರೆ ನಕ್ಕು ನಕ್ಕು ಕೆಳಗೆ ಬೀಳ್ತಾಳೆ."

ಅವಳು ಒರೆಸಲು ಬಟ್ಟೆ ತಂದಳು. ಬೇಡ, ನಾನೇ ಒರೆಸುತ್ತೇನೆ ಎಂದು ಕಳಿಸಿದೆ. ಚಾವಣಿ ನನಗೆ ಎಟುಕಲಿಲ್ಲ. ಲೋಟದಲ್ಲಿ ಉಳಿದದ್ದನ್ನು ನೋಡುತ್ತ ಕುಳಿತೆ: ಗುಳ್ಳೆಗಳು ಒಂದೊಂದಾಗಿ ಸತ್ತು, ಮತ್ತೆ ಅದೇ ಚಪ್ಪಟೆ ಬಿಯರ್. ಅವಳ ಕೈಯ ಮೂರು ಲೀಟರ್ ಹೋಯಿತು. ಮತ್ತೆ ಮಾಡಿಸಿಕೊಳ್ಳಲು ಅವಳಿಲ್ಲ.

ಮೇ 26, ಭಾನುವಾರ

ಸರಿ, ಅವಳ ವಿಧಾನವೇ ಆಗಲಿ. ಹಾಳೆಯಲ್ಲಿ ಇದಕ್ಕೆ ಪ್ರೈಮಿಂಗ್ ಎಂದಿದ್ದಾರೆ. ಪ್ರೈಮ್ ಅಂದರೆ ಪ್ರಧಾನ ಎಂದು ನೆನಪು. ಪ್ರಧಾನಮಂತ್ರಿಗೂ ಸಕ್ಕರೆಗೂ ಏನು ಸಂಬಂಧ ಎಂದು ಯೋಚಿಸುತ್ತ ಬೆಳಗಿನ ಅರ್ಧ ಹೊತ್ತು ಕಳೆಯಿತು.

ಬಿಯರ್ ಕಲಕಲಾಗಿತ್ತು. ಓಟಿಲಿಯಾ ಬಿಯರನ್ನು ಯಾವಾಗಲೂ ಮಡ್ಡಿ ಮಡ್ಡಿಯಾಗಿಯೇ ಕೊಡುತ್ತಿದ್ದಳು. ಲೋಟದ ಆಚೆ ಬೆರಳು ಕಾಣಬೇಕು ಎಂದು ನಾನು ಬೈಯುತ್ತಿದ್ದೆ. ಸೋಡಾದವನ ಕಣ್ಣು ಕಲಕನ್ನು ಸಹಿಸುವುದಿಲ್ಲ. ಹುಡುಗಿಯ ಹಬ್ಬಕ್ಕೆ ಕೊಡುವಂಥದ್ದು, ಚೆನ್ನಾಗಿರಲಿ ಎಂದು ಕಾರ್ಖಾನೆಯ ಹಳೆಯ ನೀರು ಸೋಸುವ ಫಿಲ್ಟರನ್ನು ತೊಳೆದು, ಇಡೀ ಬಕೆಟ್ಟನ್ನು ಅದರಲ್ಲಿ ಇಳಿಸಿದೆ. ಹನಿಹನಿಯಾಗಿ ಸಂಜೆವರೆಗೂ ಇಳಿಯಿತು. ಇಳಿದದ್ದು ಚಿನ್ನ. ಕಿಟಕಿಗೆ ಹಿಡಿದರೆ ಬೆಟ್ಟ ಕಾಣುತ್ತಿತ್ತು. ನೋಡಿದ್ದರೆ ಅವಳೂ ಒಪ್ಪುತ್ತಿದ್ದಳು.

ಬಾಟಲಿಗೊಂದು ಚಮಚ ಸಕ್ಕರೆ. ಮುಚ್ಚಳ ಒತ್ತುವ ಸನ್ನೆಯ ಹಿಡಿಕೆಯಲ್ಲಿ ಅವಳ ಹೆಬ್ಬೆರಳು ಸವೆಸಿದ ಗುಳಿ ಇದೆ. ನನ್ನ ಹೆಬ್ಬೆರಳು ಅದರಲ್ಲಿ ಕೂರುವುದಿಲ್ಲ, ದೊಡ್ಡದು. ಹೇಗೋ ಒತ್ತಿದೆ.

ಎಲ್ಲವನ್ನೂ ಶೆಡ್ಡಿನ ದಕ್ಷಿಣದ ಗೋಡೆಗೆ ಸಾಲಾಗಿಟ್ಟೆ, ಬಿಸಿಲು ಸುಳಿಯದ ಕಡೆ. ತಣ್ಣಗಿದ್ದಷ್ಟೂ ಗ್ಯಾಸ್ ಚೆನ್ನಾಗಿ ಹಿಡಿಯುತ್ತದೆ. ಇದನ್ನು ನನಗೆ ಯಾವ ಹಾಳೆಯೂ ಹೇಳಿಕೊಡಬೇಕಾಗಿಲ್ಲ.

ಜೂನ್ 5, ಬುಧವಾರ

ಕಾಯುತ್ತಿದ್ದೇನೆ. ಬಕೆಟ್ಟಿನ ನೀರು ಬೆಳಿಗ್ಗೆ ಹೆಪ್ಪುಗಟ್ಟಿತ್ತು. ಒಳ್ಳೆಯ ಚಳಿ. ಬಾಟಲಿಗಳಿಗೆ ಒಳ್ಳೆಯದು.

ಜೂನ್ 16, ಭಾನುವಾರ

ಒಂದು ತೆರೆದೆ. ಸದ್ದೇ ಇಲ್ಲ. ಮುಚ್ಚಳ ಸುಮ್ಮನೆ ಕಳಚಿ ಕೈಗೆ ಬಂತು. ಇನ್ನೊಂದು ತೆರೆದೆ. ಅದೂ ಅಷ್ಟೆ. ಚಪ್ಪಟೆ, ಮೇಲೆ ಸಿಹಿ ಬೇರೆ; ಹಾಕಿದ ಸಕ್ಕರೆ ಹಾಕಿದ ಹಾಗೇ ಕೂತಿದೆ.

ದೆಲ್ಮಾ ಬಿಸಿ ಕರಿದ ರೊಟ್ಟಿ ತಂದಿದ್ದಳು. ಬೇಡವೆನ್ನಲು ಬಾಯಿ ತೆರೆದವನು ಬಿಯರಿನ ವಿಷಯ ಹೇಳಿಬಿಟ್ಟೆ.

"ಎಲ್ಲಿಟ್ಟಿದ್ರಿ?" ಎಂದಳು.

"ಶೆಡ್ಡಲ್ಲಿ, ತಣ್ಣಗೆ."

"ಯಾಕೆ?"

"ಯಾಕೆ ಅಂದ್ರೆ? ಗ್ಯಾಸ್ ಹಿಡೀಲಿ ಅಂತ."

"ಅಯ್ಯೋ ದೇವರೆ, ಸೋಡಾ ಅಲ್ಲ ಇದು. ಸಕ್ಕರೆ ತಿಂದು ಗ್ಯಾಸ್ ಬಿಡೋದು ಯೀಸ್ಟು. ಅದು ಜೀವ. ನಿಮ್ಮನ್ನ ಆ ಶೆಡ್ಡಲ್ಲಿ ಮಲಗಿಸಿದ್ರೆ ನೀವು ಕೆಲಸ ಮಾಡ್ತೀರಾ?"

"ನಾನು ನಿವೃತ್ತ."

ಅವಳು ನಕ್ಕಳು. ರೊಟ್ಟಿ ಚೆನ್ನಾಗಿತ್ತು.

ಬೆಚ್ಚಗಿನ ಜಾಗ ಬೇಕಂತೆ, ಹಗಲೂ ರಾತ್ರಿ ಒಂದೇ ಸಮ. ಅಡುಗೆಮನೆ ಆಗದು, ಒಲೆ ಉರಿದಾಗ ಬೆಂಕಿ, ಆರಿದಾಗ ಮಂಜು. ಒಲೆಯ ಹೊಗೆಕೊಳವೆ ಹಾದುಹೋಗುವುದು ಮಲಗುವ ಕೋಣೆಯ ಗೋಡೆಯೊಳಗಿಂದ. ಆ ಗೋಡೆ ಯಾವತ್ತೂ ಬೆಚ್ಚಗೆ. ಅದಕ್ಕೇ ಓಟಿಲಿಯಾ ಆ ಬದಿಯಲ್ಲಿ ಮಲಗುತ್ತಿದ್ದಳು. ದೆಲ್ಮಾಗೆ ಅದೆಲ್ಲ ಗೊತ್ತು.

"ಕೋಣೆ ಅಚ್ಚುಕಟ್ಟಾಗಿಲ್ಲ," ಎಂದೆ.

"ಬಾಟಲಿಗಳೇನು ನೆಂಟರಾ?"

ಅವಳು ಒಂದು ಕ್ರೇಟು ಎತ್ತಿಕೊಂಡು ಬಂದು ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತಳು. ತಾನು ಬಾಗಿಲು ಮುಟ್ಟಲಿಲ್ಲ. ಭಾರ ಹೊತ್ತವರನ್ನು ಎಷ್ಟು ಹೊತ್ತು ನಿಲ್ಲಿಸುವುದು? ಬಾಗಿಲು ತೆಗೆದೆ.

ಮಂಚಕ್ಕೂ ಬೆಚ್ಚನೆಯ ಗೋಡೆಗೂ ನಡುವೆ ಬಾಟಲಿಗಳನ್ನು ಜೋಡಿಸಿದೆವು. ಮೇಲೆ ಹೊದಿಸಲು ಏನಾದರೂ ಬೇಕಿತ್ತು. ಗೂಟದಲ್ಲಿ ಅವಳು ಚಳಿಗೆ ಹೊದೆಯುತ್ತಿದ್ದ ಕಂದು ಉಣ್ಣೆಯ ಪೊಂಚೊ ಇತ್ತು, ಅದನ್ನೇ ಹೊದಿಸಿದೆ.

ಜೂನ್ 20, ಗುರುವಾರ. ರಕ್ತದೊತ್ತಡ 152/90

ಬಾಟಲಿಗಳನ್ನು ಆಗಾಗ ನೋಡುತ್ತಿರಬೇಕಾಗುತ್ತದೆ. ಅಡುಗೆಮನೆಯ ಬೆಂಚಿನಿಂದ ಎದ್ದೆದ್ದು ಹೋಗುವುದು ತ್ರಾಸು. ಅಲ್ಲೇ ಮಲಗಿದರೆ ಅನುಕೂಲ ಎಂದು ದಿಂಬು ಅಲ್ಲಿಗೆ ಒಯ್ದೆ. ಬೆನ್ನಿಗೂ ಒಳ್ಳೆಯದಂತೆ.

ಜೂನ್ 30, ಭಾನುವಾರ. 150/88

ಇವತ್ತು ದೆಲ್ಮಾಳ ಎದುರೇ ಒಂದು ತೆರೆದೆ. ಇಲ್ಲ. ಮೌನ. ಮುಚ್ಚಳ ಮೇಜಿನ ಮೇಲೆ ಉರುಳಿದ ಸದ್ದೇ ಜಾಸ್ತಿ.

ಅವಳು ಮಾಟೆ ಕಷಾಯದ ಸೋರೆಬುರುಡೆ ಹಿಡಿದು ಹೀರುತ್ತ, ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಏನಿದು ಇಷ್ಟು ತಿಳಿಯಾಗಿದೆ? ಓಟಿಲಿಯಾಳ ಬಿಯರ್ ಹಿಂಗಿರಲ್ಲ."

"ಸೋಸಿದೆ," ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದಿರಬೇಕು. "ಕಾರ್ಖಾನೆ ಫಿಲ್ಟರಲ್ಲಿ."

ಬುರುಡೆಯನ್ನು ಮೆಲ್ಲಗೆ ಕೆಳಗಿಟ್ಟಳು. "ನೀರಿನ ಫಿಲ್ಟರಲ್ಲಿ? ಪೂರ್ತಿ?"

"ಪೂರ್ತಿ."

"ದೋನ್ ಏವಾರಿಸ್ತೊ, ಮಡ್ಡಿ ಮಡ್ಡಿ ಅಂತ ಅವಳನ್ನ ಜನ್ಮವಿಡೀ ರೇಗಿಸಿದ್ರಲ್ಲ, ಆ ಮಡ್ಡಿನೇ ಯೀಸ್ಟು. ಅದನ್ನ ತೆಗೆದ ಮೇಲೆ ಸಕ್ಕರೆ ತಿನ್ನೋರು ಯಾರು? ಬೆಚ್ಚಗೆ ಪೊಂಚೊ ಹೊದಿಸಿ ಖಾಲಿ ತೊಟ್ಟಿಲು ತೂಗ್ತಿದೀವಿ ನಾವು."

ಅವಳು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು.

ಅವಳು ಹೋದ ಮೇಲೆ ಎಲ್ ಓಯೊಗೆ ಫೋನು ಮಾಡಿದೆ. ಮೀಸೆ ಬರುವುದಿಲ್ಲ ಮಗಳೇ ಎಂದು ಹೇಳಬೇಕೆಂದೇ ಮಾಡಿದ್ದು. ಐಲಿನ್ ಎತ್ತಿಕೊಂಡಳು. "ತಾತ! ನಂದು ನೀಲಿ ಲಂಗ. ಅಜ್ಜಿ ಸೂಜಿಪೆಟ್ಟಿಗೆ ಇಟ್ಕೊಂಡು ಅಮ್ಮನೇ ಹೊಲೀತಿದಾಳೆ. ಮೀಸೆ ಹೇಗಿದೆ?"

"ಬೆಳೀತಿದೆ," ಎಂದೆ.

ಸುಳ್ಳು ಹೇಳಿದ್ದಕ್ಕೆ ಈ ಪುಟದಲ್ಲಾದರೂ ನಿಜ ಬರೆಯುತ್ತೇನೆ: ಏನು ಮಾಡಬೇಕೋ ಗೊತ್ತಿಲ್ಲ.

ಜುಲೈ 1, ಸೋಮವಾರ. 155/92

ದೆಲ್ಮಾ ಕೆಲಸಕ್ಕೆ ಹೋಗುವ ಮುಂಚೆ ಬೇಲಿ ಹತ್ತಿರ ಕೂಗಿದಳು. ರಾತ್ರಿಯೆಲ್ಲ ಯೋಚನೆ ಮಾಡಿದಳಂತೆ.

"ಹೆಪ್ಪು ಹಾಕ್ಬೇಕು."

"ಯಾವುದಕ್ಕೆ?"

"ಅವಳ ಬಿಯರಿಗೆ. ಹಾಲಿಗೆ ಹಾಕಲ್ವಾ, ಹಾಗೆ. ಹೊಸದಾಗಿ ಒಂದು ಬಿಯರ್ ಹಾಕೋದು. ಅದು ಎದ್ದು ಉಕ್ತಿರುವಾಗ ಅದರಿಂದ ಹಳೇ ಬಾಟಲಿಗೆ ಒಂದೊಂದು ಚಮಚ. ಆ ಎಳೇದು ಹೋಗಿ ಹಳೇದನ್ನ ಎಬ್ಬಿಸುತ್ತೆ."

"ಅಂಗಡಿ ಯೀಸ್ಟ್ ಪುಡಿ ಹಾಕಿದ್ರೆ ಆಗಲ್ವಾ?"

"ಪುಡಿಗೆ ಇನ್ನೂ ನಿದ್ದೆ. ಆಗಲೇ ಮದ್ಯವಾಗಿರೋದ್ರೊಳಗೆ ಬಿದ್ರೆ ಏಳೋದು ಕಷ್ಟ. ಓಡ್ತಿರೋದನ್ನೇ ಇಳಿಸ್ಬೇಕು."

ಐಲಿನ್ ಕಳಿಸಿದ ಹಾಳೆಗಳ ಕೊನೆಯಲ್ಲಿ ಇದೇ ಇದೆ. ಹೆಸರು ಜರ್ಮನ್, ಮೇಲೆ ಎರಡು ಚುಕ್ಕೆ, ಬಾಯಿಗೆ ಬರುವುದಿಲ್ಲ. ಮೊದಲ ಎರಡು ವಿಧಾನ ಓದಿ ಹಾಳೆ ಮಡಿಚಿಟ್ಟಿದ್ದೆನಲ್ಲ. ಹೆಪ್ಪು ಎಂದರೆ ಸಾಕು.

"ಹೊಸ ಬಿಯರ್ ಯಾರು ಮಾಡೋದು?" ಎಂದು ಕೇಳಿದೆ.

"ನಾನಂತೂ ಅಲ್ಲ. ಬಾಯಿ ನಂದು, ಕೈ ನಿಮ್ಮದು."

ಜುಲೈ 4, ಗುರುವಾರ

ಒತ್ತಡ ನೋಡಲು ಪುರಸೊತ್ತಾಗಲಿಲ್ಲ. ಬಿಯರ್ ಮಾಡಿದೆ. ನಾನು, ಬಿಯರ್.

ಬೆಳಗ್ಗೆಯೇ ಮೊಳಕೆ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದಾಯಿತು. ದೆಲ್ಮಾ ರಜೆ ಹಾಕಿ ಬಂದು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡಿಸುತ್ತಿದ್ದಳು. "ಕಲಕಿ. ಅಷ್ಟು ಜೋರಲ್ಲ, ಗಾಡಿ ಓಡಿಸ್ತಿದೀರಾ? ಉರಿ ಕಮ್ಮಿ. ಇನ್ನೂ ಕಮ್ಮಿ." ಮನೆಯೆಲ್ಲ ಗಂಜಿಯ ವಾಸನೆ, ಕಿಟಕಿಯ ಗಾಜೆಲ್ಲ ಬೆವರು. ಮಧ್ಯಾಹ್ನ ಗಂಜಿ ಸೋಸಿ ಹಂಡೆ ಕುದಿಯಲಿಟ್ಟಾಗ ಹಾಪ್ಸ್ ಎಲ್ಲಿ ಎಂದಳು.

ಫ್ರೀಜರಿನ ತಳದಲ್ಲಿತ್ತು, ಈ ಮಾರ್ಚಿನ ಹೂವು. ಬಟ್ಟೆಯ ಚೀಲ, ಬಾಯಿಗೆ ಓಟಿಲಿಯಾ ಹಾಕಿದ ಗಂಟು. ಅವಳು ಹಾಕುವ ಗಂಟು ಎಳೆದರೆ ಬಿಚ್ಚುವುದಿಲ್ಲ, ಒಂದು ಕಡೆ ತಳ್ಳಿದರೆ ಬಿಚ್ಚುತ್ತದೆ. ಅದನ್ನು ನಾನು ಎಷ್ಟೋ ಸಲ ಮರೆತು ಬೈಸಿಕೊಂಡಿದ್ದೇನೆ. ಕತ್ತರಿ ತರಲಾ ಎಂದಳು ದೆಲ್ಮಾ. ಬೇಡ ಎಂದೆ. ನಿಧಾನಕ್ಕೆ ತಳ್ಳಿದೆ, ಬಿಚ್ಚಿತು. ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದೆ. ಪ್ರತಿ ಮಾರ್ಚಿನಲ್ಲೂ ನನ್ನ ಪಕ್ಕದ ದಿಂಬಿಗೆ, ಅವಳ ಕೂದಲಿಗೆ ಇದೇ ವಾಸನೆ ಇರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ದೆಲ್ಮಾ ಕಿಟಕಿಯ ಕಡೆ ತಿರುಗಿ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದಳು. "ಅರ್ಧ ಈಗ, ಅರ್ಧ ಕೊನೆಗೆ," ಎಂದಳು, ತಿರುಗದೆ.

ಹಂಡೆ ಒಮ್ಮೆ ಉಕ್ಕಿ ಒಲೆ ಆರಿತು. ತಳ ಸ್ವಲ್ಪ ಹಿಡಿದಿದೆ. ಸಂಜೆ ಬಕೆಟ್ಟಿಗೆ ಇಳಿಸಿ, ಉಗುರುಬೆಚ್ಚಗಾದ ಮೇಲೆ ಯೀಸ್ಟ್ ಹಾಕಿ ಮುಚ್ಚಿದೆವು. ಇಬ್ಬರೂ ನಿಂತೇ ರೊಟ್ಟಿ ತಿಂದೆವು, ಕುರ್ಚಿಗಳ ಮೇಲೆಲ್ಲ ಪಾತ್ರೆ. ನಾನು ಏನೋ ಗುನುಗುತ್ತಿದ್ದೆನಂತೆ. ಇರಲಿಕ್ಕಿಲ್ಲ.

ಜುಲೈ 7, ಭಾನುವಾರ. 144/86

ಬಕೆಟ್ಟಿನ ಮುಚ್ಚಳದ ಕೊಳವೆ ಎರಡು ದಿನದಿಂದ ಮುದುಕನ ಹಾಗೆ ಗೊಣಗುತ್ತಿದೆ. ಇವತ್ತು ತೆಗೆದು ನೋಡಿದರೆ, ಮೇಲೆ ಗೇಣುದ್ದ ಕೆನೆನೊರೆ, ಉಬ್ಬಿದೆ, ಜೀವ ಇರುವ ಹಾಗೆ ಅಲುಗುತ್ತಿದೆ. ಇದಕ್ಕೆ ಯಾರೂ ಗ್ಯಾಸ್ ಹೊಡೆದಿಲ್ಲ. ಬಗ್ಗಿ ನೋಡಿದೆ ಬಹಳ ಹೊತ್ತು.

"ಮಗು ನೋಡೋ ಹಾಗೆ ನೋಡ್ತೀರಲ್ಲ," ಎಂದಳು ದೆಲ್ಮಾ.

ಮಂಚದ ಪಕ್ಕದಿಂದ ಬಾಟಲಿಗಳನ್ನು ತಂದೆವು. ಅವಳು ಮುಚ್ಚಳ ತೆಗೆಯುವುದು, ನಾನು ಒಂದು ಚಮಚ ಎಳೆಯದನ್ನು ಹಾಕುವುದು, ಅವಳು ಹೊಸ ಮುಚ್ಚಳ ಇಡುವುದು, ನಾನು ಸನ್ನೆ ಒತ್ತುವುದು. ಸಕ್ಕರೆ ಮತ್ತೆ ಬೇಡ, ಮೊದಲು ಹಾಕಿದ್ದು ಹಾಗೇ ಇದೆಯಲ್ಲ. ಓಟಿಲಿಯಾಳ ತಿಳಿ ಬಿಯರಿನೊಳಗೆ ನನ್ನ ಮಡ್ಡಿ ಹೊಗೆಯ ಹಾಗೆ ಇಳಿದು ಹರಡುತ್ತಿತ್ತು. ಚಿನ್ನದ ಹಾಗಿದ್ದದ್ದು ಕಲಕಲಾಯಿತು. ಈ ಸಲ ನನ್ನ ಕಣ್ಣಿಗೆ ಹಿತವಾಗಿಯೇ ಕಂಡಿತು, ಯಾಕೋ.

ಕೊನೆಯದನ್ನು ಗಾಜಿಗಲ್ಲ, ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿದಳು. "ಇದು ನಿಮ್ಮ ಗಡಿಯಾರ. ದಿನಾ ಒತ್ತಿ ನೋಡಿ. ಒಳಗೆ ಗ್ಯಾಸ್ ಹುಟ್ಟಿದ್ರೆ ಗಟ್ಟಿಯಾಗುತ್ತೆ. ಗಾಜಿನದ್ದನ್ನ ತೆರೀಬೇಡಿ, ಎಷ್ಟು ಆಸೆಯಾದ್ರೂ."

"ನನಗೇನು ಆಸೆ?"

"ನಂಗೆ ಗೊತ್ತಿಲ್ವಾ ನಿಮ್ಮ ಬುದ್ಧಿ."

ಮತ್ತೆ ಎಲ್ಲ ಬೆಚ್ಚನೆಯ ಗೋಡೆಯ ಪಕ್ಕಕ್ಕೆ, ಪೊಂಚೊದ ಕೆಳಗೆ.

ಜುಲೈ 11, ಗುರುವಾರ. 146/86

ಮೆತ್ತಗಿದೆ.

ಜುಲೈ 14, ಭಾನುವಾರ. 142/85

ಮೆತ್ತಗೇ. ಬೆಳಗಾಗೆದ್ದು ಕೈ ಮೊದಲು ಅತ್ತ ಕಡೆಗೇ ಹೋಗುತ್ತದೆ.

ಜುಲೈ 16, ಮಂಗಳವಾರ. 142/84

ಸ್ವಲ್ಪ ಬಿಗಿ? ನನ್ನ ಬೆರಳಿನ ಆಸೆಯೂ ಇರಬಹುದು. ದೆಲ್ಮಾಳನ್ನು ಕರೆದು ಒತ್ತಿಸಿದೆ. "ಮಾತಾಡ್ಬೇಡಿ," ಎಂದು ಕಣ್ಣು ಮುಚ್ಚಿ ಒತ್ತಿದಳು. "ಹೂಂ," ಎಂದಳು. ಹೂಂ ಎಂದರೆ ಏನೆಂದು ಹೇಳದೆ ಕೆಲಸಕ್ಕೆ ಹೋದಳು.

ಜುಲೈ 19, ಶುಕ್ರವಾರ. 138/84

ಕಲ್ಲು. ಕಲ್ಲಿನ ಹಾಗಾಗಿದೆ. ಎರಡು ಕೈಯಲ್ಲಿ ಒತ್ತಿದರೂ ಬಗ್ಗುವುದಿಲ್ಲ.

ಬೇಲಿ ಹತ್ತಿರ ಹೋಗಿ ಬಾಟಲಿ ಎತ್ತಿ ತೋರಿಸಿದೆ. ದೆಲ್ಮಾ ದೂರದಿಂದಲೇ ಎರಡೂ ಕೈ ಮೇಲೆತ್ತಿದಳು. ದಾರಿಯಲ್ಲಿ ಹೋಗುತ್ತಿದ್ದ ತಂಗುಮನೆಯ ಇಂಗ್ಲೆಂಡಿನ ಹುಡುಗ ನಿಂತು ನೋಡಿದ. ದಿ ವೆದರ್ ಈಸ್ ಫೈನ್ ಟುಡೇ ಎಂದೆ. ಈ ಸಲ ಅವನೂ ಹೌದೆಂದ.

ಜುಲೈ 28, ಭಾನುವಾರ. 136/82

ನಿನ್ನೆ ಪಾರ್ಟಿ ಆಯಿತು. ಬರೆಯುವುದು ಬಹಳ ಇದೆ, ಕಾಲು ನೋಯುತ್ತಿದೆ, ವಾಲ್ಟ್ಸ್ ಕುಣಿಸಿದರು.

ಅಳಿಯನ ಗಾಡಿಯ ಹಿಂಬದಿಯಲ್ಲಿ ಬಾಟಲಿ ಇಡಲು ನಾನು ಒಪ್ಪಲಿಲ್ಲ, ಕಲ್ಲುರಸ್ತೆ. ನಾನೂ ದೆಲ್ಮಾ ತೊಡೆಯ ಮೇಲೆ ಒಂದೊಂದು ಕ್ರೇಟು ಇಟ್ಟುಕೊಂಡು, ಪೊಂಚೊ ಸುತ್ತಿ, ಎಲ್ ಓಯೊವರೆಗೂ ಅಲ್ಲಾಡದೆ ಕೂತಿದ್ದೆವು. "ಮೊಟ್ಟೆಗೆ ಕೂತ ಕೋಳಿಗಳ ಹಾಗಿದೀರಿ," ಎಂದ ಅಳಿಯ. ಹೊರಡುವ ಮುಂಚೆ ನಾನು ಮದುವೆಗಳಿಗೆ ಹಾಕುವ ಅಂಗಿಯನ್ನು ಇಸ್ತ್ರಿ ಮಾಡಿ ಹಾಕಿದ್ದೆ. ಕಾಲರಿಗೆ ಗುಂಡಿ ಇರಲಿಲ್ಲ. ದೆಲ್ಮಾ ಗಾಡಿಯಲ್ಲೇ ಪಿನ್ನು ಹಾಕಿದಳು.

ಅಗ್ನಿಶಾಮಕದವರ ಹಾಲ್‌ನಲ್ಲಿ ಊಟವಾದ ಮೇಲೆ ದೀಪ ಕಮ್ಮಿ ಮಾಡಿದರು. ಐಲಿನ್ ನೀಲಿ ಲಂಗದಲ್ಲಿ ನಿಂತು ಒಂದೊಂದೇ ಮೇಣದಬತ್ತಿ ಕೊಡುತ್ತ ಹೋದಳು: ಅಮ್ಮನಿಗೆ, ಅಪ್ಪನಿಗೆ, ಗೆಳತಿಯರಿಗೆ. ನನಗೆ ಕೊಡುವಾಗ, "ಇದು ತಾತನಿಗೆ, ಸುಳ್ಳು ಹೇಳಕ್ಕೆ ಬಾರದೋರಿಗೆ," ಎಂದಳು. ಅವಳಿಗೆ ಎಲ್ಲ ಗೊತ್ತಿತ್ತಂತೆ. ಬೆಳೀತಿದೆ ಎಂದಾಗಲೇ ಧ್ವನಿಯಿಂದ ಗೊತ್ತಾಯಿತಂತೆ. ಕೊನೆಯ ಬತ್ತಿ ಕೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದಳು. "ಈಗ ತಾತ."

ಬಾಟಲಿ ತೆಗೆದುಕೊಂಡೆ. ನಲವತ್ತು ವರ್ಷ ಗ್ಯಾಸಿನ ಜೊತೆ ಬಾಳಿದವನು ಅದರ ಮೂತಿಯನ್ನು ಜನರಿಂದ ಆಚೆ ತಿರುಗಿಸಿಕೊಂಡೆ, ಯಾಕೆ ಸುಳ್ಳು ಬರೆಯಲಿ. ಮುಚ್ಚಳ ಎತ್ತಿದೆ.

ಸದ್ದು ಬಂತು. ದೊಡ್ಡದೇನಲ್ಲ. ಯಾರೋ ಪಕ್ಕದಲ್ಲಿ ಮಲಗಿದವರು ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ. ಕತ್ತಿನಲ್ಲಿ ತೆಳುವಾದ ಹೊಗೆ ಎದ್ದಿತು. ಲೋಟ ಓರೆ ಹಿಡಿದು ಸುರಿದೆ. ಕಲಕಲು ಚಿನ್ನ, ಮೇಲೆ ಬಿಳಿ ನೊರೆ ಏರಿ ಅಂಚಿಗೆ ಬಂದು ನಿಂತಿತು.

ಐಲಿನ್ ಬಾಯಿಟ್ಟಳು. ತಲೆ ಎತ್ತಿದಾಗ ಮೀಸೆ ಇತ್ತು, ದಪ್ಪದ್ದು. ಜನರೆಲ್ಲ ನಕ್ಕರು, ಫೋಟೊ ತೆಗೆದರು. ಅಷ್ಟು ಹೊತ್ತೂ ಮೀಸೆ ಇಳಿಯಲಿಲ್ಲ. ಸೋಡಾ ಗುಳ್ಳೆಯಾಗಿದ್ದರೆ ಆಗಲೇ ಒಡೆದು ಹೋಗಿರುತ್ತಿತ್ತು. ಒಪ್ಪಿಕೊಳ್ಳುತ್ತೇನೆ, ಓಟಿಲಿಯಾ. ಗುಳ್ಳೆಗೆ ಗೊತ್ತಿರುತ್ತದೆ.

ಮಿರ್ತಾ ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ಯೋಚಿಸಿದಳು. "ಅಮ್ಮಂದೇ. ಆದ್ರೆ ಏನೋ ಒಂಚೂರು ಬೇರೆ ಇದೆ."

"ಅದು ನಿಮ್ಮಪ್ಪಂದು," ಎಂದಳು ದೆಲ್ಮಾ. "ಒಂದೊಂದು ಚಮಚ."

ಮಗಳು ನನ್ನನ್ನು ನೋಡಿದಳು, ಇನ್ನೊಂದು ಗುಟುಕು ಕುಡಿದಳು.

ಬಾಟಲಿ ಖಾಲಿಯಾದಾಗ ಐಲಿನ್ ಆ ಕೊನೆಯ ಬತ್ತಿಯನ್ನು ಹೊತ್ತಿಸಿ ಅದರ ಬಾಯಿಗೆ ಸಿಕ್ಕಿಸಿ ಮೇಜಿನ ನಡುವೆ ಇಟ್ಟಳು. ಯಾರ ಕೈಗೆ ಕೊಡಲಿ ಎಂದು ಅತ್ತಿದ್ದ ಹುಡುಗಿ. ಯಾರೂ ಹೇಳಿಕೊಟ್ಟದ್ದಲ್ಲ.

ಎಲ್ಲ ಬಾಟಲಿಗಳೂ ಖಾಲಿಯಾದವು. ಒಂದನ್ನಾದರೂ ಎತ್ತಿಡಿ ಅಪ್ಪ ಎಂದಳು ಮಿರ್ತಾ. ನೆನಪಾಗುವಷ್ಟರಲ್ಲಿ ಯಾರೋ ಕುಡಿದಿದ್ದರು.

ಆಗಸ್ಟ್ 4, ಭಾನುವಾರ. 134/82

ಹೆಪ್ಪಿಗೆಂದು ಹಾಕಿದ ನನ್ನ ಬಿಯರ್ ಬಕೆಟ್ಟಿನಲ್ಲಿ ಉಳಿದಿತ್ತಲ್ಲ, ಅದನ್ನು ಇವತ್ತು ಬಾಟಲಿಗೆ ತುಂಬಿದೆವು. ತಳ ಹಿಡಿದ ವಾಸನೆ ಸ್ವಲ್ಪ ಇದೆ. ದೆಲ್ಮಾ ಅದನ್ನು ಹೊಗೆಯ ಪರಿಮಳ ಎಂದು ಮಾರಬಹುದು ಅನ್ನುತ್ತಾಳೆ.

ಅಳಿಯ ಊಟಕ್ಕೆ ಬಂದಿದ್ದ. "ಮಾವ, ನನ್ನ ಗೆಳೆಯನ ಹತ್ರ ಸ್ಟೀಲ್ ಪೀಪಾಯಿ ಇದೆ. ನಿಮ್ಮ ಸಿಲಿಂಡರ್ ಜೋಡಿಸಿದ್ರೆ ಮಧ್ಯಾಹ್ನದೊಳಗೆ ಗ್ಯಾಸ್ ತುಂಬ್ತದೆ. ಸಂಜೆನೇ ಕುಡೀಬಹುದು."

"ಯಾರಿಗೆ ಅವಸರ?" ಎಂದೆ.

ದೆಲ್ಮಾ ಚಾವಣಿಯ ಕಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಕಲೆಗೆ ಸುಣ್ಣ ಹೊಡೆಯಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ.

ಸೋಸಲಿಲ್ಲ. ಬಾಟಲಿಗೊಂದು ಚಮಚ ಸಕ್ಕರೆ. ಮಂಚದ ಆಚೆ, ಬೆಚ್ಚನೆಯ ಗೋಡೆಗೆ ಸಾಲಾಗಿಟ್ಟು ಪೊಂಚೊ ಹೊದಿಸಿದೆ. ಪ್ಲಾಸ್ಟಿಕ್ಕಿನದು ತಲೆದಿಂಬಿನ ಹತ್ತಿರ. ಒತ್ತಿ ನೋಡಿದೆ.

ಮೆತ್ತಗಿದೆ. ಇರಲಿ.